ಹೊರಡುವ ಮುನ್ನ

ಪರದೇಶ ಪ್ರಯಾಣವೆಂದರೆ ಓದಿದವರ ಬಾಬತ್ತೆಂದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ನಾವು ಎಣಿಸುವುದುಂಟು. ಚನ್ನಗಿರಿ ತಾಲ್ಲೂಕಿನ ಹಕ್ಕಿಪಿಕ್ಕಿ ಜನರಾದರೋ ಮೂಲಿಕೆಯ ತೈಲ ಹೊತ್ತು ಆಫ್ರಿಕದ ಪೇಟೆಗಳನ್ನೇ ಸುತ್ತಿ ಬಂದವರು. 2023ರ ಏಪ್ರಿಲ್ 15ರಂದು ಸೂಡಾನಿನಲ್ಲಿ ಸೇನೆಗೂ ಅರೆಸೇನಾಪಡೆಗೂ ಕಾಳಗ ಹತ್ತಿದಾಗ, ಕರ್ನಾಟಕದ ಅನೇಕ ಹಕ್ಕಿಪಿಕ್ಕಿಗಳು ಎಲ್ ಫಾಶರ್ ನಗರದಲ್ಲಿ ಸಿಕ್ಕಿಬಿದ್ದರು. ಹೊರಗೆ ಗುಂಡಿನ ಸದ್ದು, ಒಳಗೆ ನೀರಿಗೂ ಅನ್ನಕ್ಕೂ ತತ್ವಾರ.

ಖಾರ್ಟೂಮಿನ ವಿಮಾನ ನಿಲ್ದಾಣ ಮುಚ್ಚಿತ್ತು. ಭಾರತೀಯರಿಗೆ ಬಾಗಿಲಾದದ್ದು ಕೆಂಪು ಸಮುದ್ರದ ಪೋರ್ಟ್ ಸೂಡಾನ್ ಬಂದರು. ‘ಆಪರೇಷನ್ ಕಾವೇರಿ’ಯ ಮೊದಲ ಹಡಗು ಸುಮೇಧಾ 278 ಜನರನ್ನು ಜೆಡ್ಡಾಕ್ಕೆ ದಾಟಿಸಿತು. ನಮ್ಮ ಹೊಳೆಯ ಹೆಸರನ್ನು ಆ ಸುದ್ದಿಯಲ್ಲಿ ಕೇಳಿ ನನ್ನ ಕಣ್ಣು ತೇವವಾಯಿತು.

ಸೂಡಾನಿಗೆ ನೆಲದ ಗಡಿಗಳಾದರೂ ಇದ್ದವು; ದ್ವೀಪರಾಷ್ಟ್ರದಲ್ಲಿ ಸುತ್ತಲೂ ನೀರು. 2022ರ ಜುಲೈಯಲ್ಲಿ ಶ್ರೀಲಂಕೆಯ ಜನ ಅಧ್ಯಕ್ಷರ ನಿವಾಸಕ್ಕೆ ನುಗ್ಗಿದಾಗ ಅಲ್ಲಿ ಪೆಟ್ರೋಲಿಗೂ ಬರ. ವಿಮಾನ ನಿಲ್ದಾಣವನ್ನು ಮುಟ್ಟುವುದೇ ಒಂದು ಸಾಹಸ. ಆದಕಾರಣ ಅಂಥ ನಾಡಿಗೆ ಹೋಗುವವರು ಇಳಿದೊಡನೆ ಭಾರತದ ದೂತಾವಾಸದಲ್ಲಿ ಹೆಸರು, ತಂಗುವ ವಿಳಾಸ ಬರೆಸಲಿ. ಪಾಸ್‌ಪೋರ್ಟಿನ ಪ್ರತಿಯೊಂದು ಮನೆಯವರ ಬಳಿ ಇರಲಿ. ಮೆರವಣಿಗೆ ನೋಡಲು ಬೀದಿಗಿಳಿಯುವುದು ಬೇಡ. ಹಿಂದಿರುಗುವ ಟಿಕೆಟ್ಟಿನ ಹಣವನ್ನು ಸರಕಿಗೆ ಹಾಕುವುದಂತೂ ಸರ್ವಥಾ ಬೇಡ. ಸಾಲ ಮಾಡಿ ತೈಲ ಕೊಂಡವನಿಗೆ ಈ ಮಾತು ಕಠಿಣವೆಂದು ಬಲ್ಲೆ. ಮೂಟೆಯನ್ನು ಅಲ್ಲಿಯೇ ಬಿಟ್ಟು ಹಡಗು ಹತ್ತುವುದು ಅವನಿಗೆ ಅದಕ್ಕಿಂತಲೂ ಕಠಿಣ.