ಮಿರ್ಜಾನದ ಕೋಟೆ, ಭಟ್ಕಳದ ಕೇರಿ

ಮಿರ್ಜಾನ ಅಂತ ಹುಡುಕಿದರೆ ಸಾಕು, ಡ್ರೋನ್ ವಿಡಿಯೋಗಳ ಸಾಲೇ ಬರುತ್ತೆ. ಮಳೆಗಾಲ, ಪಾಚಿ ಹಿಡಿದ ಚಿರೆಕಲ್ಲಿನ ಗೋಡೆ, ಹಿನ್ನೆಲೆಗೆ ಒಂದು ಕೊಳಲು. ಚೆನ್ನಾಗಿರುತ್ತೆ, ಇಲ್ಲ ಅನ್ನಲ್ಲ. ಆದರೆ ಈ ಕೋಟೆ ಮೇಲಿಂದ ನೋಡಿದರೆ ಅರ್ಥ ಆಗೋದಲ್ಲ, ಕಾಲಲ್ಲೇ ನಡೀಬೇಕು.

ಕುಮಟಾದಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ಸುಮಾರು 11 ಕಿಲೋಮೀಟರ್. ಕಂದಕ ದಾಟಿ ಒಳಗೆ ಬಂದರೆ ಬಾವಿಗಳು, ದರ್ಬಾರಿನ ಕಟ್ಟೆ, ಬುರುಜುಗಳು. ಅವನ್ನೆಲ್ಲ ನೋಡೋಕೆ ಮೊದಲು ಅಘನಾಶಿನಿ ಯಾವ ಕಡೆ ಹರೀತಾ ಇದೆ ಅಂತ ಕೇಳಿಕೊಳ್ಳಿ. ಕೋಟೆ ಇಲ್ಲಿರೋದೇ ಆ ಹೊಳೆಗೋಸ್ಕರ. ಘಟ್ಟದ ಕಾಳುಮೆಣಸು ಕೆಳಗಿಳಿದು, ಅಳಿವೆ ದಾಟಿ, ಹಡಗು ಹತ್ತುತ್ತಿತ್ತು. ಪುರಾತತ್ವ ಇಲಾಖೆಯವರು 2000-01ರಲ್ಲಿ ಅಗೆದಾಗ ಸಿಕ್ಕಿದ್ದು ಏನು ಗೊತ್ತಾ? 1652ರ ಪೋರ್ಚುಗೀಸ್ ಚಿನ್ನದ ನಾಣ್ಯ, ಚೀನಾದ ಪಿಂಗಾಣಿ, ಇಸ್ಲಾಮಿ ಬರಹದ ಫಲಕಗಳು.

ಗೇರುಸೊಪ್ಪೆಯ ಜೈನ ರಾಣಿ ಚೆನ್ನಭೈರಾದೇವಿ ಆಳಿದ್ದು 1552ರಿಂದ 1606ರವರೆಗೆ. ಪೋರ್ಚುಗೀಸರು ಅವಳನ್ನ ಮೆಣಸಿನ ರಾಣಿ ಅಂತಲೇ ಕರೆದರು. ಕೋಟೆ ಕಟ್ಟಿಸಿದ್ದು ಅವಳೇ ಅಂತ ಕೆಲವರು, ಬಿಜಾಪುರದ ಕಡೆಯ ಶರೀಫ್-ಉಲ್-ಮುಲ್ಕ್ ಅಂತ ಇನ್ನು ಕೆಲವರು. ಗೈಡ್ ಒಂದೇ ಹೆಸರು ಹೇಳಿ ಮುಂದೆ ಹೊರಟರೆ, ನಿಲ್ಲಿಸಿ ಇನ್ನೊಂದನ್ನೂ ಕೇಳಿ.

ಇಲ್ಲಿ ನಿಂತಾಗ ನನಗೆ ದೂರದ ಒಂದು ಊರು ನೆನಪಾಗುತ್ತೆ: ಬಾಲಿ ದ್ವೀಪದ ಉತ್ತರ ತೀರದಲ್ಲಿ ಸಿಂಗರಾಜ ಅಂತ ಹಳೇ ಬಂದರು ಊರಿದೆ. ಬಂದರಿನ ಪಕ್ಕದ ಚೀನೀ ದೇಗುಲ, ಬುಗಿಸ್ ಮುಸ್ಲಿಮರ ಕೇರಿ, ಡಚ್ಚರ ಕಾಲದ ಕಟ್ಟಡ, ಎಲ್ಲವನ್ನೂ ಅಲ್ಲಿ ನಡೆದೇ ನೋಡಬಹುದು. ನಮ್ಮ ಕರಾವಳಿಯಲ್ಲಿ ಅಂಥ ಊರು ಯಾವುದು? ಮಿರ್ಜಾನ ಕೋಟೆಯೊಳಗೆ ಕಲ್ಲು ಉಳಿದಿದೆ, ಜನ ಉಳಿದಿಲ್ಲ. ಜನ ಇರೋದು ಭಟ್ಕಳದಲ್ಲಿ.

ದಾರಿಯಲ್ಲಿ ಹೊನ್ನಾವರ ಸಿಗುತ್ತೆ. 14ನೇ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತಾ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆ ಇದ್ದದ್ದನ್ನ ಬರೆದಿಟ್ಟ. ಬೇರೆಲ್ಲೂ ಇಂಥದ್ದು ಕಂಡಿಲ್ಲ ಅಂದ. ದೇಶದೇಶ ತಿರುಗಿದವನ ಮಾತು ಅದು!

ಈಗ ಭಟ್ಕಳ. ವಿಜಯನಗರಕ್ಕೆ ಅರಬ್ ಕುದುರೆ ಇಳೀತಿದ್ದ ಬಂದರು ಇದು. ಕಪ್ಪ ಕೊಡಲಿಲ್ಲ ಅಂತ 1542ರಲ್ಲಿ ಪೋರ್ಚುಗೀಸರು ಊರಿಗೆ ಬೆಂಕಿ ಇಟ್ಟರು. ಆದರೂ ಊರು ಮತ್ತೆ ಎದ್ದಿತು. ಪೇಟೆಯಲ್ಲಿ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ ಇದೆ. ಕೊಂಕಣಿ ವ್ಯಾಪಾರಿ ಖೇತಪೈ ಕಟ್ಟಿಸಿದ ನಾರಾಯಣ ದೇವಸ್ಥಾನದ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಗೋಡೆ ಮೇಲಿನ ರಾಮಾಯಣ ನೋಡಿ, ಆಮೇಲೆ ತಲೆ ಎತ್ತಿ. ಮಾಡು ಕಲ್ಲು ಹಾಸಿನದು, ಆದರೆ ಇಳಿಜಾರು. ಇಲ್ಲಿನ ಮಳೆಗೆ ಮನೆ ಮಾಡು ಹೇಗಿರುತ್ತೋ ಹಾಗೇ ದೇವರಿಗೂ. ಹಳೇಬೀಡು ನೋಡಿದ ಕಣ್ಣಿಗೆ ಇದು ಸಾದಾ ಅನ್ನಿಸಬಹುದು. ನನಗೆ ಇದೇ ಹೆಚ್ಚು ಇಷ್ಟ. ಇನ್ನು 1637-38ರಲ್ಲಿ ತೀರಿಕೊಂಡ ಇಂಗ್ಲಿಷರ ಗೋರಿಗಳೂ ಇದೇ ಊರಲ್ಲಿವೆ.

ಅಲ್ಲಿಂದ ನವಾಯತರ ಕೇರಿಗಳು. ಅರಬ್ ವ್ಯಾಪಾರಿಗಳ ಪೀಳಿಗೆ ತಾವು ಅನ್ನೋ ಈ ಜನ ಮನೆಯಲ್ಲಿ ಆಡೋದು ನವಾಯತಿ. ಕೊಂಕಣಿಯ ಬಗೆ, ಜೊತೆಗೆ ಅರಬಿ, ಪಾರ್ಸಿ ಶಬ್ದಗಳು. ಇಲ್ಲಿನ ಜಾಮಿಯಾ ಮಸೀದಿಗೆ ಊರವರ ಬಾಯಲ್ಲಿ ಚಿನ್ನದ ಪಳ್ಳಿ ಅನ್ನೋ ಹೆಸರು. ಶುಕ್ರವಾರ ಮಧ್ಯಾಹ್ನ ಆ ಕಡೆ ಕ್ಯಾಮೆರಾ ಹಿಡಿದು ಹೋಗಬೇಡಿ, ನಮಾಜಿನ ಹೊತ್ತು.

ಭಟ್ಕಳಕ್ಕೆ ಒಬ್ಬ ಗೈಡ್ ಸಾಲಲ್ಲ ಅನ್ನೋದು ನನ್ನ ಅಭಿಪ್ರಾಯ. ಬಸದಿ, ದೇವಸ್ಥಾನಕ್ಕೆ ಪೇಟೆಯವರು ಬರಲಿ. ಕೇರಿಗೆ ನವಾಯತರೇ ಜೊತೆಯಾಗಲಿ. ಹಳೇ ನವಾಯತ ಮನೆಗಳಲ್ಲಿ ಒಂದರಿಂದ ಪಕ್ಕದ್ದಕ್ಕೆ ಒಳಬಾಗಿಲು ಇರುತ್ತೆ, ಹೆಂಗಸರು ಬೀದಿಗೆ ಬರದೇ ಓಡಾಡೋಕೆ. ಅದನ್ನ ತೋರಿಸೋಕೆ ಮನೆಯ ಹೆಂಗಸರೇ ಕರೀಬೇಕು, ಹೋಗೋದೂ ಹೆಂಗಸರೇ. ಹಾಗಾಗಿ ಈ ವಿಡಿಯೋದಲ್ಲಿ ಆ ಬಾಗಿಲು ಇಲ್ಲ. ನೋಡುಗರಲ್ಲಿ ಅಕ್ಕಂದಿರು ಯಾರಾದರೂ ಹೋಗಿ ಬಂದರೆ, ಚಿತ್ರ ಬೇಡ, ಹೇಗಿತ್ತು ಅಂತ ಹೇಳಿದರೆ ಸಾಕು.