ಚಿನ್ನ ಯಾರದು, ಸಾಲ ಯಾರದು?

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)

ಅಮೆರಿಕದ 1896ರ ಅಧ್ಯಕ್ಷ ಚುನಾವಣೆ ನಡೆದದ್ದು ಚಿನ್ನ ಬೆಳ್ಳಿಯ ಮೇಲೆ. ಕೇಳಿದರೆ ಚಿನಿವಾರರ ಜಗಳ ಅನ್ನಿಸಬಹುದು. ಅಲ್ಲ, ಅದು ಸಾಲ ಕೊಟ್ಟವರಿಗೂ ಸಾಲ ಹೊತ್ತವರಿಗೂ ನಡೆದ ಜಗಳ. ಹಣದ ವಿಷಯ ಕಾಮರ್ಸ್ ಓದುವವರಿಗೆ ಅಂತ ನಾವು ಬಿಟ್ಟುಬಿಟ್ಟರೆ ಇದು ಅರ್ಥವಾಗೋದಿಲ್ಲ.

1873ರ ನಾಣ್ಯ ಕಾಯ್ದೆಯಲ್ಲಿ ಅಮೆರಿಕ ಸರ್ಕಾರ ಬೆಳ್ಳಿ ಡಾಲರನ್ನು ಕೈಬಿಟ್ಟಿತು. 1879ರಿಂದ ಕಾಗದದ ನೋಟಿಗೂ ಚಿನ್ನವೇ ಆಧಾರ. ಜನ ಹೆಚ್ಚಿದರು, ಬೆಳೆ ಹೆಚ್ಚಿತು. ಚಿನ್ನ ಮಾತ್ರ ಆ ವೇಗದಲ್ಲಿ ಹೆಚ್ಚಲಿಲ್ಲ. ಬೆಲೆಗಳು ಕುಸಿದವು. 1870ರಲ್ಲಿ ಒಂದು ಪೌಂಡ್ ಹತ್ತಿಗೆ ಸುಮಾರು 12 ಸೆಂಟು. 1894ರಲ್ಲಿ 5 ಸೆಂಟೂ ಇಲ್ಲ. ಲೆಕ್ಕ ಹಾಕಿ ನೋಡಿ. 120 ಡಾಲರ್ ಸಾಲ ತೀರಿಸಲು ಮೊದಲು 1000 ಪೌಂಡ್ ಹತ್ತಿ ಸಾಕಿತ್ತು. 5 ಸೆಂಟಿನ ಲೆಕ್ಕದಲ್ಲಿ 2400 ಪೌಂಡ್ ಬೇಕು. ಸಾಲದ ಪತ್ರದಲ್ಲಿ ಒಂದಕ್ಷರ ಬದಲಾಗಿಲ್ಲ, ಬೆನ್ನ ಮೇಲಿನ ಮೂಟೆ ಮಾತ್ರ ಬೆಳೆದಿದೆ!

ರೈತರು ಸುಮ್ಮನಿರಲಿಲ್ಲ. ಪೀಪಲ್ಸ್ ಪಾರ್ಟಿ ಕಟ್ಟಿದರು. 1892ರಲ್ಲಿ ಅವರ ಅಭ್ಯರ್ಥಿ ಜೇಮ್ಸ್ ವೀವರ್‌ಗೆ 10 ಲಕ್ಷಕ್ಕೂ ಹೆಚ್ಚು ಮತ ಬಿತ್ತು. 1893ರಲ್ಲಿ ಬ್ಯಾಂಕುಗಳು ಮುಳುಗಿದಾಗ ಅಧ್ಯಕ್ಷ ಕ್ಲೀವ್‌ಲೆಂಡ್ ಬೆಳ್ಳಿಯ ಮೇಲೆ ತಪ್ಪು ಹೊರಿಸಿ ಸರ್ಕಾರದ ಬೆಳ್ಳಿ ಖರೀದಿಯನ್ನೇ ನಿಲ್ಲಿಸಿದ. ಆತನ ಡೆಮಾಕ್ರಟಿಕ್ ಪಕ್ಷವೇ ಆತನಿಗೆ ತಿರುಗಿಬಿತ್ತು. 1896ರಲ್ಲಿ 36 ವರ್ಷದ ವಿಲಿಯಂ ಜೆನ್ನಿಂಗ್ಸ್ ಬ್ರಯನ್‌ನನ್ನು ನಿಲ್ಲಿಸಿತು. 16 ಔನ್ಸ್ ಬೆಳ್ಳಿಗೆ 1 ಔನ್ಸ್ ಚಿನ್ನದ ಲೆಕ್ಕದಲ್ಲಿ ಬೆಳ್ಳಿ ನಾಣ್ಯ ಅಚ್ಚು ಹಾಕಿ ಅಂತ ಅವನ ಬೇಡಿಕೆ. ಪೀಪಲ್ಸ್ ಪಾರ್ಟಿಯೂ ಅವನ ಹಿಂದೆ ಹೋಯಿತು.

ಎದುರಿಗೆ ರಿಪಬ್ಲಿಕನ್ ಮೆಕಿನ್ಲಿ. ಅವನ ಪರ ಮಾರ್ಕ್ ಹಾನಾ ಬ್ಯಾಂಕು, ಕಂಪನಿಗಳಿಂದ ಎತ್ತಿದ್ದು ಸುಮಾರು 35 ಲಕ್ಷ ಡಾಲರ್. ಬ್ರಯನ್ ರೈಲಿನಲ್ಲಿ ಊರೂರು ಸುತ್ತಿ ಮಾತಾಡಿದ. ಗೆದ್ದವನು ಮೆಕಿನ್ಲಿ: 271 ಎಲೆಕ್ಟೊರಲ್ ಮತ, ಬ್ರಯನ್‌ಗೆ 176. 1900ರಲ್ಲಿ ಚಿನ್ನವೇ ಕಾನೂನಾಯಿತು.

ಪಠ್ಯಪುಸ್ತಕ ಇಲ್ಲಿಗೆ ನಿಲ್ಲುತ್ತೆ. ನಾವು ಇನ್ನೊಂದು ಪ್ರಶ್ನೆ ಕೇಳಬೇಕು. ಆ ಹತ್ತಿ ಬಿಡಿಸಿದ ಕಪ್ಪು ಜನ ಈ ಕತೆಯಲ್ಲಿ ಎಲ್ಲಿದ್ದರು?

ದಕ್ಷಿಣದ ರಾಜ್ಯಗಳಲ್ಲಿ ಅವರು ಬೆಳೆ ಕುಯ್ಯುವ ಮೊದಲೇ ಬೆಳೆಯನ್ನು ಅಂಗಡಿಯವನಿಗೆ ಅಡವಿಟ್ಟು ಕಾಳು, ಬಟ್ಟೆ ತರುತ್ತಿದ್ದರು. ಲೆಕ್ಕದ ಪುಸ್ತಕ ಅವನ ಕೈಯಲ್ಲಿ. ಅವರೂ ಸಂಘಟಿತರಾದರು. 1886ರಲ್ಲಿ ಟೆಕ್ಸಾಸ್‌ನಲ್ಲಿ ಕಲರ್ಡ್ ಫಾರ್ಮರ್ಸ್ ಅಲಯನ್ಸ್ ಹುಟ್ಟಿತು. 1891ರಲ್ಲಿ, ನೂರು ಪೌಂಡ್ ಹತ್ತಿ ಬಿಡಿಸಿದ್ದಕ್ಕೆ 1 ಡಾಲರ್ ಕೂಲಿ ಕೊಡಿ ಅಂತ ಮುಷ್ಕರದ ಕರೆ ಕೊಟ್ಟರು. ಆಗ ಬಿಳಿ ರೈತರ ಅಲಯನ್ಸಿನ ಅಧ್ಯಕ್ಷ ಪೋಲ್ಕ್ ಅದನ್ನು ವಿರೋಧಿಸಿದ. ಅರ್ಕಾನ್ಸಾದಲ್ಲಿ ಮುಷ್ಕರ ಹೂಡಿದವರನ್ನು ಬೆನ್ನಟ್ಟಿ ಕೊಂದರು. ಬ್ಯಾಂಕಿನ ವಿರುದ್ಧ ಇದ್ದ ಒಗ್ಗಟ್ಟು ಕೂಲಿಯ ಪ್ರಶ್ನೆ ಬಂದ ಕೂಡಲೇ ಮುರೀತು.

ಬ್ರಯನ್‌ನ ಪಕ್ಷವೇ ದಕ್ಷಿಣದಲ್ಲಿ ಬಿಳಿಯರ ಯಜಮಾನಿಕೆಯ ಪಕ್ಷ. ಮಿಸಿಸಿಪ್ಪಿ 1890ರಲ್ಲೇ ತಲೆಗಂದಾಯ, ಅಕ್ಷರ ಪರೀಕ್ಷೆ ತಂದು ಕಪ್ಪು ಜನರ ಮತ ಕಿತ್ತುಕೊಂಡಿತ್ತು. 1896ರ ಮೇ ತಿಂಗಳಲ್ಲಿ ರೈಲಿನಲ್ಲಿ ಬೇರೆ ಬೋಗಿ ಸರಿ ಅಂತ ಸುಪ್ರೀಂ ಕೋರ್ಟೇ ತೀರ್ಪು ಕೊಟ್ಟಿತು. ಬೆಳ್ಳಿ ಗೆದ್ದಿದ್ದರೆ ಸಾಲದ ಭಾರ ಕೊಂಚ ಇಳಿಯುತ್ತಿತ್ತೇನೋ. ಬೋಗಿ ಬದಲಾಗುತ್ತಿರಲಿಲ್ಲ. ಲೆಕ್ಕದ ಪುಸ್ತಕ ಕೈ ಬದಲಾಯಿಸುತ್ತಿರಲಿಲ್ಲ.

ಈ ಬೆಳ್ಳಿಯ ಕತೆಗೆ ನಮ್ಮ ಕೊಂಡಿಯೂ ಇದೆ. 1893ರಲ್ಲೇ ಬ್ರಿಟಿಷರು ಭಾರತದ ಟಂಕಸಾಲೆಗಳಲ್ಲಿ ಜನ ತಂದ ಬೆಳ್ಳಿಯನ್ನು ನಾಣ್ಯ ಮಾಡಿಕೊಡುವುದನ್ನು ನಿಲ್ಲಿಸಿದರು. ಆ ಕತೆಯನ್ನು ಬಾಬಾಸಾಹೇಬರು 1923ರ ತಮ್ಮ ರೂಪಾಯಿಯ ಸಮಸ್ಯೆ ಕುರಿತ ಗ್ರಂಥದಲ್ಲಿ ಬಿಡಿಸಿಟ್ಟರು. ಅವರು ಬೆಳ್ಳಿಯ ಪರ ನಿಂತವರಲ್ಲ, ಚಿನ್ನದ ಪರ ವಾದಿಸಿದರು. ಯಾಕಂದ್ರೆ ರೂಪಾಯಿ ಎಷ್ಟು ಅಚ್ಚಾಗಬೇಕು ಅನ್ನೋದು ಸರ್ಕಾರದ ಮರ್ಜಿಗೆ ಬಿಡಬಾರದು ಅನ್ನೋದು ಅವರ ವಾದ. ಲೋಹ ಯಾವುದು ಅನ್ನೋದಕ್ಕಿಂತ ಹಿಡಿತ ಯಾರದು ಅನ್ನೋದು ದೊಡ್ಡದು.

ಅದಕ್ಕೇ ಗೆಳೆಯರೆ, ಬಡ್ಡಿ, ಬಜೆಟ್ಟು, ನೋಟು ಅಂತ ಕಂಡರೆ ಪುಟ ಮಗುಚಬೇಡಿ. ಯಾರಾದರೂ ಬಂದು ಎಲ್ಲ ಬಡವರೂ ಒಂದೇ, ಬನ್ನಿ ಅಂದರೆ ಹೋಗೋಣ. ಹೋಗುವಾಗಲೇ ಕೇಳೋಣ: ನಮ್ಮ ಕೂಲಿಯ ಪ್ರಶ್ನೆ ಬಂದ ದಿನ ನೀವು ಎಲ್ಲಿರ್ತೀರಿ? ಲೆಕ್ಕದ ಪುಸ್ತಕ ಯಾರ ಕೈಯಲ್ಲಿರುತ್ತೆ?