ಮೊದಲು ಬಾಗಿಲು, ಆಮೇಲೆ ಕೇಕು

ಚರ್ಚಾಸ್ಪರ್ಧೆಯೋ ಏಕಾಂಕ ಸ್ಪರ್ಧೆಯೋ ಮುಗಿದ ಸಂಜೆ ಮಕ್ಕಳಿಗೆ ಕುಣಿಯಬೇಕು ಅನಿಸುತ್ತದೆ. ಕುಣಿಯಲಿ. ಗೆದ್ದವರಷ್ಟೇ ಅಲ್ಲ, ಸೋತವರೂ. ನನ್ನ ಪ್ರಕಾರ ಪಾರ್ಟಿ ಹೆಚ್ಚು ಬೇಕಾದದ್ದು ಅವರಿಗೇ. ಆದರೆ ಏರ್ಪಾಡಿಗೆ ಕೂತ ಮೇಷ್ಟ್ರು, ಪಾಲಕರು ಮೊದಲು ಕೇಳುವುದು ಡಿಜೆ ಯಾರು, ಪಾವ್‌ಭಾಜಿ ಎಲ್ಲಿಂದ ಅಂತ. ಬಾಗಿಲು ಎಷ್ಟಿವೆ ಎಂದು ಯಾರೂ ಕೇಳುವುದಿಲ್ಲ.

ಯಾಕೆ ಕೇಳಬೇಕು ಅಂದರೆ, 2017ರ ಡಿಸೆಂಬರ್ 29ರಂದು, ಮಧ್ಯರಾತ್ರಿ ಕಳೆದ ಮೇಲೆ, ಮುಂಬಯಿಯ ಲೋವರ್ ಪರೇಲಿನ ಕಮಲಾ ಮಿಲ್ಸ್ ಆವರಣದ ಮಾಳಿಗೆಯ ಹೋಟೆಲಿಗೆ ಬೆಂಕಿ ಬಿತ್ತು. ಅಲ್ಲೊಂದು ಹುಟ್ಟುಹಬ್ಬವೂ ನಡೆದಿತ್ತು. 14 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಶೌಚಾಲಯದೊಳಗೆ ಸೇರಿಕೊಂಡು ಹೊಗೆಯಲ್ಲಿ ಉಸಿರುಗಟ್ಟಿ ಸತ್ತವರು. ಹೊರದಾರಿ ತಿಳಿಯದವರು ಕಣ್ಣಿಗೆ ಬಿದ್ದ ಬಾಗಿಲಿಗೇ ನುಗ್ಗುತ್ತಾರೆ.

ಬೆಂಕಿಯೇ ಬೇಕೆಂದಿಲ್ಲ. 2023ರ ನವೆಂಬರಿನಲ್ಲಿ ಕೊಚ್ಚಿಯ ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿ ಉತ್ಸವದಲ್ಲಿ ನೂಕುನುಗ್ಗಲಾಗಿ 4 ಜೀವ ಹೋದವು. ಹೊರಗೆ ಮಳೆ ಬಂತು, ಕಾಯುತ್ತಿದ್ದವರು ಮೆಟ್ಟಿಲಿಳಿದು ಒಳಗೆ ನುಗ್ಗಿದರು, ಅಷ್ಟೆ. ಮಳೆಯ ಮುಂಬಯಿಗೆ ಇದನ್ನು ಬಿಡಿಸಿ ಹೇಳಬೇಕೆ?

ಹಾಗಾಗಿ ಸಭಾಗೃಹ ಗೊತ್ತುಮಾಡುವ ಮೊದಲು ಒಮ್ಮೆ ಹೋಗಿ ನೋಡಿ. ಎರಡನೆಯ ಬಾಗಿಲಿಗೆ ಬೀಗವಿದೆಯೇ? ಅದರ ಮುಂದೆ ಕುರ್ಚಿಯ ರಾಶಿಯೋ ಸ್ಪೀಕರೋ ಬರುತ್ತದೆಯೇ? ಕಾರ್ಯಕ್ರಮದ ದಿನ ಹಾಡು ಶುರುವಾಗುವ ಮೊದಲೇ ಮೈಕಿನಲ್ಲಿ ದಾರಿ ತೋರಿಸಿ. ಬಾಗಿಲಲ್ಲಿ ಒಬ್ಬರು ತಲೆ ಎಣಿಸಲಿ; ಸಭಾಗೃಹದ ಲೆಕ್ಕ ತುಂಬಿತೋ, ನೆಂಟರ ಮಗನಾದರೂ ಹೊರಗೇ. ವೇದಿಕೆಯ ಕಿಡಿಪಟಾಕಿ ಬೇಡವೇ ಬೇಡ. ಕಾಲೇಜಿನವರ ಪಾರ್ಟಿಯಾದರೆ ಇನ್ನೊಂದು ಮಾತು: ಮಹಾರಾಷ್ಟ್ರದಲ್ಲಿ ಬಿಯರಿಗೂ 21 ತುಂಬಿರಬೇಕು.

ಇನ್ನು ಮನೆಗೆ ಹೋಗುವ ದಾರಿ. ಧ್ವನಿವರ್ಧಕಕ್ಕೆ ಕಾನೂನು ರಾತ್ರಿ 10ರ ಗಡಿ ಹಾಕಿದೆ, ಆದರೆ ವಿರಾರಿಗೋ ಕಲ್ಯಾಣಿಗೋ ಹೋಗುವ ಮಗುವಿಗೆ ಅದು ತಡವೇ. 8ಕ್ಕೆ ಮುಗಿಸಿ. ನಮ್ಮ ಕನ್ನಡ ಸಂಘಗಳಿರುವ ಮಾಟುಂಗಾದ ಸೌಕರ್ಯ ದೊಡ್ಡದು: ವೆಸ್ಟರ್ನ್ ಲೈನಿಗೆ ಮಾಟುಂಗಾ ರೋಡ್ ಸ್ಟೇಶನ್, ಸೆಂಟ್ರಲ್‌ಗೆ ಮಾಟುಂಗಾ, ಹಾರ್ಬರ್‌ಗೆ ಕಿಂಗ್ಸ್ ಸರ್ಕಲ್. ಬಾಗಿಲಲ್ಲೇ ಲೈನಿನ ಪ್ರಕಾರ ಮೂರು ಗುಂಪು ಮಾಡಿ, ಗುಂಪಿಗೊಬ್ಬ ದೊಡ್ಡವರನ್ನು ಜೊತೆಗೆ ಕೊಡಿ. ಅವರು ಸ್ಟೇಶನ್ನಿನಲ್ಲಿ ಕೈಬೀಸಿ ವಾಪಸಾಗುವುದಲ್ಲ, ಲೋಕಲ್ ಹತ್ತಬೇಕು. ರೈಲಿನಲ್ಲಿ ತೊಂದರೆಯಾದರೆ 139, ಬೇರೆಲ್ಲಾದರೂ 112. ಎರಡೂ ಮಕ್ಕಳ ಫೋನಿನಲ್ಲಿರಲಿ.